ಕೈತೋಟ ಪ್ರಶ್ನೋತ್ತರ: ನೆರಳಿನ ತೋಟಕ್ಕೆ ಕೊಲಂಬೈನ್

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕ, ಕೆನಡಾ, ಬ್ರಿಟನ್ನಿನಲ್ಲಿ ನೆಲೆಸಿರುವ ಓದುಗರವು. ಎಲ್ಲವೂ ಒಂದೇ ಹೂವಿನ ಬಗ್ಗೆ: ಕೊಲಂಬೈನ್, ಅಂದರೆ ಅಕ್ವಿಲೀಜಿಯ. ಮರದಡಿಯ ಅರೆನೆರಳಿನಲ್ಲಿ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ತಲೆ ಬಾಗಿಸಿ ಅರಳುವ ಗಂಟೆಯಂಥ ಹೂ ಇದು. ಐದು ದಳಗಳೂ ಹಿಂದಕ್ಕೆ ಟೊಳ್ಳು ಕೊಂಬಾಗಿ ಚಾಚಿರುತ್ತವೆ, ಕೊಂಬಿನ ತುದಿಯಲ್ಲಿ ಮಕರಂದ. ಹೂವನ್ನು ತಲೆಕೆಳಗು ಮಾಡಿ ನೋಡಿದರೆ ಐದು ಪಾರಿವಾಳಗಳು ಸುತ್ತ ಕೂತು ನೀರು ಕುಡಿಯುವ ಹಾಗೆ ಕಾಣುತ್ತದೆ. ಹೆಸರು ಬಂದದ್ದೂ ಪಾರಿವಾಳಕ್ಕಿರುವ ಲ್ಯಾಟಿನ್ ಪದದಿಂದಲೇ. ಗಿಡದ ಆಯಸ್ಸು ಕಡಿಮೆ, ಬೀಜ ಧಾರಾಳ. ಹಾಗಾಗಿ ತೋಟದಲ್ಲಿ ಇದನ್ನು ಉಳಿಸಿಕೊಳ್ಳುವುದೆಂದರೆ ಬೀಜ ಹಿಡಿಯುವುದು, ಹಂಚುವುದು, ಮತ್ತೆ ಹಾಕುವುದು.

ಪ್ರ: ಬೀಜ ವಿನಿಮಯದಲ್ಲಿ ಸಿಕ್ಕ ಕೊಲಂಬೈನ್ ಬೀಜವನ್ನು ಏಪ್ರಿಲ್‌ನಲ್ಲಿ ಕುಂಡಕ್ಕೆ ಹಾಕಿ, ಮೇಲೆ ಅರ್ಧ ಇಂಚು ಮಣ್ಣು ಮುಚ್ಚಿದೆ. ದಿನಾ ನೀರು ಹಾಕಿದ್ದೇನೆ. ಐದು ವಾರವಾದರೂ ಒಂದೂ ಮೊಳೆತಿಲ್ಲ. ಬೀಜ ಹಳೆಯದಿರಬಹುದೇ?
(ಎಡಿಸನ್, ನ್ಯೂಜೆರ್ಸಿ)

ಉ: ಬೀಜ ಚೆನ್ನಾಗಿಯೇ ಇರಬಹುದು. ಎಡವಟ್ಟಾಗಿರುವುದು ಎರಡು ಕಡೆ. ಮೊದಲನೆಯದು ಮಣ್ಣು. ಕೊಲಂಬೈನ್ ಬೀಜ ಮೊಳೆಯಲು ಬೆಳಕು ಬೇಕು. ರಾಗಿಯನ್ನೋ ಹೆಸರುಕಾಳನ್ನೋ ಹೂತ ಹಾಗೆ ಇದನ್ನು ಮಣ್ಣಿನೊಳಗೆ ಹೂತರೆ ಏಳುವುದಿಲ್ಲ. ಎರಡನೆಯದು ಚಳಿ. ಕಾಯಿಯಿಂದ ಉದುರುವಾಗ ಈ ಬೀಜದೊಳಗಿನ ಭ್ರೂಣ ತೀರ ಚಿಕ್ಕದಾಗಿರುತ್ತದೆ. ಒದ್ದೆಯಲ್ಲಿ, ಚಳಿಯಲ್ಲಿ ಕೆಲವು ವಾರ ಕಳೆದ ಮೇಲೆ ಅದು ಬೆಳೆದು ಹೊರಬರಲು ಸಿದ್ಧವಾಗುತ್ತದೆ. ಕಾಡಿನಲ್ಲಿ ಈ ಕೆಲಸವನ್ನು ಹಿಮ ಮಾಡುತ್ತದೆ. ನೀವು ಏಪ್ರಿಲ್‌ನಲ್ಲಿ ಹಾಕಿದ್ದರಿಂದ ಬೀಜಕ್ಕೆ ಚಳಿಗಾಲವೇ ಸಿಗಲಿಲ್ಲ.

'ಪೊಟ್ಟಣವನ್ನು ಫ್ರಿಜ್‌ನಲ್ಲೇ ಇಟ್ಟಿದ್ದೆವಲ್ಲ' ಎಂದು ಹಲವರು ಬರೆಯುತ್ತಾರೆ. ಒಣ ಬೀಜ ಫ್ರಿಜ್‌ನಲ್ಲಿದ್ದರೆ ಅದು ಬರೀ ದಾಸ್ತಾನು. ತಂಪಿನ ಜೊತೆಗೆ ಒದ್ದೆಯೂ ಇರಬೇಕು.

ಫ್ರಿಜ್‌ನಲ್ಲಿ ಮಾಡುವುದಾದರೆ ಕ್ರಮ ಹೀಗೆ. ಕಾಫಿ ಫಿಲ್ಟರ್ ಕಾಗದವನ್ನು ನೆನೆಸಿ ಹಿಂಡಿ. ಮುಟ್ಟಿದರೆ ತೇವ ಗೊತ್ತಾಗಬೇಕು, ನೀರು ತೊಟ್ಟಿಕ್ಕಬಾರದು. ಅದರ ಅರ್ಧಕ್ಕೆ ಬೀಜ ಹರಡಿ, ಉಳಿದರ್ಧ ಮಡಿಸಿ ಮುಚ್ಚಿ, ಜಿಪ್ ಚೀಲಕ್ಕೆ ಹಾಕಿ ದಿನಾಂಕ ಬರೆಯಿರಿ. 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಫ್ರಿಜ್‌ನಲ್ಲಿ ಕಡಿಮೆಯೆಂದರೆ 4 ವಾರ ಇಡಿ. ಉತ್ತರ ಅಮೆರಿಕದ ಕೆಂಪು-ಹಳದಿ ಹೂವಿನ ಕೆನಡೆನ್ಸಿಸ್ ಜಾತಿಯದಾದರೆ 8 ವಾರ ಕೊಡುವುದು ಕ್ಷೇಮ. ಫ್ರೀಜರ್ ಬೇಡ. ವಾರಕ್ಕೊಮ್ಮೆ ತೆಗೆದು ನೋಡಿ, ಬೂಷ್ಟು ಬಂದಿದ್ದರೆ ಬೀಜ ತೊಳೆದು ಹೊಸ ಕಾಗದಕ್ಕೆ ಹಾಕಿ.

ಆಮೇಲೆ ಸಸಿ ಏಳಿಸುವ ಹಗುರ ಮಿಶ್ರಣವನ್ನು (ತೋಟದ ಮಣ್ಣಲ್ಲ) ಕುಂಡಕ್ಕೆ ತುಂಬಿ ತೇವ ಮಾಡಿ. ಬೀಜವನ್ನು ಮೇಲೆ ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ, ಅಷ್ಟು ಸಾಕು. ಮೇಲಿನಿಂದ ನೀರು ಸುರಿದರೆ ಬೀಜವೆಲ್ಲ ಕುಂಡದ ಒಂದು ಮೂಲೆ ಸೇರುತ್ತದೆ, ಆದ್ದರಿಂದ ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಕುಡಿಸಿ. 18ರಿಂದ 21 ಡಿಗ್ರಿ ಬಿಸಿ, ಮೇಲೆ ಬೆಳಕು. ಎರಡರಿಂದ ನಾಲ್ಕು ವಾರದಲ್ಲಿ ಮೊಳಕೆ ಶುರುವಾಗುತ್ತದೆ. ಎಲ್ಲ ಒಟ್ಟಿಗೆ ಏಳುವುದಿಲ್ಲ, ಕೆಲವು ಎರಡು ತಿಂಗಳ ಮೇಲೂ ಬರುತ್ತವೆ. ಮೊದಲು ದುಂಡನೆಯ ಜೋಡಿ ಎಲೆ, ಅದರ ನಂತರ ಮೂರು ಸೀಳಿನ ಎಲೆ. ಇದು ಥೇಟ್ ಎಳೆ ಕೊತ್ತಂಬರಿ ಸೊಪ್ಪಿನ ಹಾಗಿರುತ್ತದೆ. ಕುಂಡಕ್ಕೆ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದರೆ ಮೊಳೆತ ಕೂಡಲೇ ತೆಗೆಯಿರಿ. ಗಾಳಿಯಾಡದಿದ್ದರೆ ಬುಡ ಕಪ್ಪಾಗಿ ನೂಲಿನಷ್ಟು ಸಣ್ಣಗಾಗಿ ಸಸಿ ಮಗುಚಿ ಬೀಳುತ್ತದೆ. ಅದು ಸಸಿ ಕೊಳೆ ರೋಗ, ಒಮ್ಮೆ ಬಂದರೆ ಒಂದೇ ರಾತ್ರಿಯಲ್ಲಿ ಕುಂಡ ಖಾಲಿ.

ಈಗಿರುವ ನಿಮ್ಮ ಕುಂಡವನ್ನು ದಯವಿಟ್ಟು ಎಸೆಯಬೇಡಿ. ಮೇಲಿನ ಅರ್ಧ ಇಂಚು ಮಣ್ಣನ್ನು ಬೆರಳಿನಿಂದ ಹುಷಾರಾಗಿ ಸರಿಸಿ, ಮನೆಯ ಉತ್ತರದ ಗೋಡೆಯ ಪಕ್ಕ ಇಡಿ. ಬೇಸಗೆಯಲ್ಲಿ ಪೂರ್ತಿ ಒಣಗದ ಹಾಗೆ ನೋಡಿಕೊಂಡು, ಚಳಿಗಾಲವಿಡೀ ಹೊರಗೇ ಬಿಡಿ. ಬರುವ ಮಾರ್ಚ್-ಏಪ್ರಿಲ್‌ನಲ್ಲಿ ಆ ಕುಂಡದಲ್ಲೇ ಹಸಿರು ಕಾಣುವ ಸಾಧ್ಯತೆ ಚೆನ್ನಾಗಿದೆ.

ಪ್ರ: ಹಾಲಿನ ಕ್ಯಾನಿನಲ್ಲಿ ಬೀಜ ಹಾಕಿ ಹಿಮದಲ್ಲಿಡುವ ಪದ್ಧತಿ ಕೊಲಂಬೈನ್‌ಗೆ ಆಗುತ್ತದೆಯೇ? ಅಳತೆ ಸಮೇತ ತಿಳಿಸಿ.
(ಮಿನಿಯಾಪೊಲಿಸ್, ಮಿನ್ನೆಸೋಟ)

ಉ: ನಿಮ್ಮ ಊರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದು ಗ್ಯಾಲನ್ (3.8 ಲೀಟರ್) ಹಾಲಿನ ಕ್ಯಾನ್ ತೊಳೆದು, ಬಿರಡೆಯನ್ನು ಎಸೆದುಬಿಡಿ. ಆ ಬಾಯಿ ತೆರೆದೇ ಇರಬೇಕು, ಮಳೆ-ಹಿಮದ ನೀರು ಒಳಗಿಳಿಯುವುದೂ ಬಿಸಿ ಗಾಳಿ ಹೊರಹೋಗುವುದೂ ಅಲ್ಲಿಂದಲೇ. ತಳದಲ್ಲಿ ಪೆನ್ಸಿಲ್ ದಪ್ಪದ ಆರೆಂಟು ತೂತು ಮಾಡಿ. ತಳದಿಂದ 4 ಇಂಚು ಎತ್ತರದಲ್ಲಿ ಸುತ್ತ ಕತ್ತರಿಸಿ, ಹಿಡಿಕೆಯ ಬದಿಯಲ್ಲಿ ಒಂದೂವರೆ ಇಂಚು ಬಿಟ್ಟರೆ ಅದೇ ಕೀಲು. 3 ಇಂಚು ಮಿಶ್ರಣ ತುಂಬಿ, ಚೆನ್ನಾಗಿ ತೋಯಿಸಿ, ನೀರು ಸೋರಿಹೋದ ಮೇಲೆ 30-40 ಬೀಜ ಉದುರಿಸಿ ಒತ್ತಿ. ಕತ್ತರಿಸಿದ ಕಡೆ ಅಗಲ ಟೇಪ್ ಸುತ್ತಿ. ಡಿಸೆಂಬರ್ ಕೊನೆಯಿಂದ ಫೆಬ್ರವರಿ ಮೊದಲ ವಾರದೊಳಗೆ ಹೊರಗಿಟ್ಟರೆ ಸರಿ.

ಹೆಸರಿನ ಚೀಟಿಯನ್ನು ಕ್ಯಾನಿನ ಒಳಗೆ, ಮಣ್ಣಿಗೆ ಚುಚ್ಚಿಡಿ, ಪೆನ್ಸಿಲ್‌ನಲ್ಲಿ ಬರೆಯಿರಿ. ಹೊರಗೆ ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಏಪ್ರಿಲ್ ಹೊತ್ತಿಗೆ ಬಿಸಿಲಿಗೆ ಮಾಸಿ ಹೋಗಿ, ಹತ್ತು ಕ್ಯಾನ್ ಇದ್ದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಈ ಪದ್ಧತಿ ಕೈಕೊಡುವುದು ಎರಡು ಕಾರಣಕ್ಕೆ. ಕ್ಯಾನನ್ನು ಮಾಡಿನ ಕೆಳಗಿಟ್ಟರೆ ಹಿಮ ಬೀಳದೆ ಒಳಗೆ ಒಣಗುತ್ತದೆ. ಬೆಳಿಗ್ಗೆ ಒಳಗೋಡೆಯಲ್ಲಿ ಹನಿ ಕಟ್ಟಿರದಿದ್ದರೆ ನೀರು ಬೇಕೆಂದೇ ಅರ್ಥ. ಇನ್ನೊಂದು, ಏಪ್ರಿಲ್‌ನ ಬಿಸಿಲಿನ ದಿನ ಕ್ಯಾನ್ ಮುಚ್ಚಿಯೇ ಇದ್ದರೆ ಸಸಿ ಒಳಗೆ ಬೆಂದುಹೋಗುತ್ತದೆ. ಹೊರಗೆ 15 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಮುಚ್ಚಳ ಎತ್ತಿ, ರಾತ್ರಿ ಹಿಮಗಟ್ಟುವಂತಿದ್ದರೆ ಮತ್ತೆ ಮುಚ್ಚಿ. ಸೀಳೆಲೆ ಎರಡು-ಮೂರು ಬಂದಾಗ ಬಿಡಿಸಿ ಸಣ್ಣ ಕುಂಡಕ್ಕೋ ನೇರ ಪಾತಿಗೋ ನೆಡಿ. ಹೂವು ಮರುವರ್ಷ.

ಪ್ರ: ಗಿಡದಿಂದ ಬೀಜ ಯಾವಾಗ ತೆಗೆಯಬೇಕು? ಹೋದ ವರ್ಷ ತೆಗೆದದ್ದು ಡಬ್ಬಿಯಲ್ಲಿ ಬೂಷ್ಟು ಹಿಡಿಯಿತು.
(ಮಿಸಿಸಾಗ, ಒಂಟಾರಿಯೊ)

ಉ: ಕಾಯನ್ನು ಹತ್ತಿರದಿಂದ ನೋಡಿ. ನೆಲ ನೋಡುತ್ತಿದ್ದ ಹೂವು ಕಾಯಿಕಟ್ಟಿದ ಮೇಲೆ ಕತ್ತೆತ್ತಿ ಆಕಾಶಕ್ಕೆ ಮುಖ ಮಾಡುತ್ತದೆ. ಬುಡದಲ್ಲಿ ಕೂಡಿಕೊಂಡ ಐದು ನಳಿಕೆ, ಪ್ರತಿಯೊಂದರ ತುದಿಯಲ್ಲೂ ಕೂದಲಿನಂಥ ಕೊಕ್ಕೆ. ಹಸಿರು ಇರುವಾಗ ಮುಟ್ಟಬೇಡಿ. ಹೂ ಉದುರಿ ನಾಲ್ಕರಿಂದ ಆರು ವಾರಕ್ಕೆ ನಳಿಕೆಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿ ತುದಿಯಲ್ಲಿ ಬಾಯಿ ಬಿಡುತ್ತವೆ. ಕಾಂಡ ಅಲ್ಲಾಡಿಸಿದರೆ ಒಳಗಿನಿಂದ ಗಿಲಗಿಲ ಸದ್ದು ಬರುತ್ತದೆ. ಅದೇ ಹದ. ನಿಮ್ಮಲ್ಲಿ ಇದು ಜೂನ್ ಕೊನೆಯಿಂದ ಜುಲೈ. ಎರಡು ದಿನ ತಡ ಮಾಡಿದರೆ ಗಾಳಿಗೆ ಬಾಗಿ ಕಾಳುಮೆಣಸಿನ ಪುಡಿ ಡಬ್ಬಿ ಕೊಡವಿದ ಹಾಗೆ ಎಲ್ಲ ನೆಲದ ಪಾಲು.

ಇಬ್ಬನಿ ಆರಿದ ಮೇಲೆ ಕಾಂಡ ಕತ್ತರಿಸಿ, ತಲೆಕೆಳಗಾಗಿ ಕಾಗದದ ಚೀಲಕ್ಕೆ ಇಳಿಸಿ, ನೆರಳಿನಲ್ಲಿ ಒಂದು ವಾರ ಬಿಡಿ. ಪ್ಲಾಸ್ಟಿಕ್ ಡಬ್ಬಿಗೆ ನೇರ ಹಾಕಿದ್ದರಿಂದಲೇ ನಿಮ್ಮದು ಬೂಷ್ಟು ಹಿಡಿದದ್ದು. ಕಾಯಿಯೊಳಗೆ ಉಳಿದ ಪಸೆಗೆ ಹೊರದಾರಿ ಇರಲಿಲ್ಲ. ಒಣಗಿದ ಮೇಲೆ ಚೀಲ ಕುಟ್ಟಿ, ಟೀ ಸೋಸುವ ಜಾಲರಿಯಲ್ಲಿ ಜರಡಿಯಾಡಿ. ಪುಡಿ ಕೆಳಗಿಳಿದು ಬೀಜ ಮೇಲುಳಿಯುತ್ತದೆ. ಉಳಿದ ಹೊಟ್ಟನ್ನು ಅಗಲ ತಟ್ಟೆಯಲ್ಲಿ ಮೊರದಲ್ಲಿ ಕೇರಿದ ಹಾಗೆ ಕುಲುಕಿ ಮೆಲ್ಲಗೆ ಊದಿದರೆ ಹಾರುತ್ತದೆ, ಬೀಜ ಭಾರ, ನಿಲ್ಲುತ್ತದೆ. ಒಳ್ಳೆಯ ಬೀಜ ಕಪ್ಪು, ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತದೆ. ಕಂದು, ಹಸಿರು ಅಥವಾ ಚಪ್ಪಟೆಯಾದದ್ದು ಬಲಿತಿಲ್ಲ. ಅದನ್ನು ಯಾರಿಗೂ ಕೊಡಬೇಡಿ. ಕೆನಡೆನ್ಸಿಸ್ ಬೀಜ ಒಂದು ಗ್ರಾಮಿಗೆ ಸಾವಿರಕ್ಕೂ ಹೆಚ್ಚು ತೂಗುತ್ತದೆ. ನಾಲ್ಕೈದು ಗಿಡ ಇದ್ದರೆ ಒಂದು ಬಡಾವಣೆಗೆಲ್ಲ ಹಂಚುವಷ್ಟಾಯಿತು.

ಕಾಗದದ ಪೊಟ್ಟಣ, ಅದನ್ನು ಗಾಜಿನ ಭರಣಿಯಲ್ಲಿ ಹಾಕಿ ಜೊತೆಗೊಂದು ಪಸೆ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಭರಣಿ ಫ್ರಿಜ್‌ನಲ್ಲಿ. ಎರಡು-ಮೂರು ವರ್ಷ ಚೆನ್ನಾಗಿರುತ್ತದೆ. ಆದರೂ ಅದೇ ವರ್ಷದ ಬೀಜಕ್ಕೆ ಸಾಟಿಯಿಲ್ಲ.

ಇನ್ನೊಂದು ಮಾತು, ಇದನ್ನು ಎಲ್ಲ ಓದುಗರೂ ಗಮನಿಸಬೇಕು. ಈ ಬೀಜ ನೋಡಲು ಕರಿ ಎಳ್ಳು, ಕಾಮಕಸ್ತೂರಿ ಬೀಜಗಳಿಗೆ ಬಹಳ ಹತ್ತಿರ. ಕೊಲಂಬೈನ್ ಗಿಡ ವಿಷಕಾರಿ. ಅದರಲ್ಲೂ ಬೀಜ ಮತ್ತು ಬೇರಿನಲ್ಲಿ ವಿಷದ ಅಂಶ ಹೆಚ್ಚು. ಅಡುಗೆಮನೆಯ ಕಟ್ಟೆಯ ಮೇಲೆ ಒಣಗಿಸಬೇಡಿ, ಒಗ್ಗರಣೆ ಡಬ್ಬಿಯ ಹತ್ತಿರವೂ ಇಡಬೇಡಿ. ಎಳೆ ಎಲೆ ಕೊತ್ತಂಬರಿಯಂತೆ ಕಾಣುವುದರಿಂದ ಸೊಪ್ಪಿನ ಮಡಿಯ ಪಕ್ಕ ಬಿತ್ತುವುದೂ ಬೇಡ. ಮನೆಯಲ್ಲಿ ಮಕ್ಕಳು, ಕಣ್ಣು ಮಂದವಾದ ಹಿರಿಯರು ಇದ್ದರಂತೂ ಪೊಟ್ಟಣದ ಮೇಲೆ 'ತಿನ್ನುವುದಲ್ಲ' ಎಂದು ಕನ್ನಡದಲ್ಲೇ ದಪ್ಪಗೆ ಬರೆಯಿರಿ.

ಪ್ರ: 'ನೋರಾ ಬಾರ್ಲೋ' ಎಂದು ಬರೆದಿದ್ದ ಪೊಟ್ಟಣದ ಬೀಜ ಹಾಕಿದೆ. ಎರಡು ವರ್ಷ ಕಾದ ಮೇಲೆ ಬರೀ ನೇರಳೆ ಒಂಟಿ ಸುತ್ತಿನ ಹೂ ಬಂದಿವೆ. ಕೊಟ್ಟವರು ಮೋಸ ಮಾಡಿದರೇ?
(ಬೆಲ್‌ವ್ಯೂ, ವಾಷಿಂಗ್ಟನ್)

ಉ: ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ, ಇದು ದುಂಬಿಗಳ ಕೆಲಸ. ಚಾರ್ಲ್ಸ್ ಡಾರ್ವಿನ್ ಅವರ ಮೊಮ್ಮಗಳು ನೋರಾ ಬಾರ್ಲೋ ಹೆಸರಿನ ಈ ತಳಿ ಯುರೋಪಿನ ವಲ್ಗಾರಿಸ್ ಜಾತಿಯದು. ಗುಲಾಬಿ, ಬಿಳಿ, ಹಸಿರು ಬೆರೆತ ಬಹುದಳದ ಹೂ, ಕೊಂಬು ಇರುವುದಿಲ್ಲ. ಕೊಲಂಬೈನ್ ಜಾತಿಗಳು ಒಂದರೊಡನೊಂದು ಬಹಳ ಸಲೀಸಾಗಿ ಕೂಡುತ್ತವೆ. ಯುರೋಪಿನದೂ ಅಮೆರಿಕದ್ದೂ ಒಂದೇ ಅಂಗಳದಲ್ಲಿ ಒಂದೇ ವಾರ ಅರಳಿದರೆ ಬೀಜ ಬೆರಕೆಯಾಯಿತೆಂದೇ ತಿಳಿಯಿರಿ. ನರ್ಸರಿಯಿಂದ ತಂದ ಎಫ್-1 ಹೈಬ್ರಿಡ್ ಗಿಡಗಳ ಬೀಜವಂತೂ ತಾಯಿಯಂತೆ ಬರುವುದೇ ಇಲ್ಲ.

ಶುದ್ಧ ಬೀಜ ಬೇಕಿದ್ದರೆ ಹೂವಿಗೆ ಚೀಲ ಕಟ್ಟಬೇಕು. ಮದುವೆ ಮನೆಯಲ್ಲಿ ಉಡುಗೊರೆ ಹಾಕಿ ಕೊಡುವ, ಎಳೆದರೆ ಬಾಯಿ ಮುಚ್ಚುವ ಜಾಳು ಬಟ್ಟೆಯ ಪುಟ್ಟ ಚೀಲ (3 ಇಂಚು ಅಗಲ, 4 ಇಂಚು ಉದ್ದ) ಇದಕ್ಕೆ ಹೇಳಿ ಮಾಡಿಸಿದ್ದು. ನಾಳೆ ಅರಳುತ್ತದೆ ಎನ್ನುವ ಮೊಗ್ಗಿಗೆ ಇಂದೇ ಹಾಕಿ. ಅರಳಿದ ಹೂವಿಗೆ ಹಾಕಿದರೆ ದುಂಬಿ ಆಗಲೇ ಬಂದು ಹೋಗಿರುತ್ತದೆ. ಈ ಹೂವಿನಲ್ಲಿ ಮೊದಲು ಪರಾಗ ಬಲಿಯುತ್ತದೆ, ಕೆಲವು ದಿನದ ನಂತರ ನಡುವಿನ ಶಲಾಕೆಗಳು (ಹೂವಿನ ಹೆಣ್ಣು ಭಾಗದ ಎಳೆಗಳು) ಉದ್ದವಾಗಿ ಪರಾಗ ಹಿಡಿಯಲು ತಯಾರಾಗುತ್ತವೆ. ಆದ್ದರಿಂದ ಅದೇ ತಳಿಯ ಇನ್ನೊಂದು ಗಿಡದ, ಚೀಲ ಕಟ್ಟಿದ ಹೂವಿನಿಂದ ಸಣ್ಣ ಕುಂಚದಲ್ಲಿ ಪರಾಗ ತಂದು ಶಲಾಕೆಯ ತುದಿಗೆ ಸವರಿ, ಎರಡು-ಮೂರು ದಿನ ಬೆಳಿಗ್ಗೆ ಹೀಗೆ ಮಾಡಿ. ದಳ ಉದುರಿದ ಮೇಲೆ ಚೀಲ ತೆಗೆದು, ಗುರುತಿಗೆ ಆ ತೊಟ್ಟಿಗೆ ಬಣ್ಣದ ನೂಲು ಕಟ್ಟಿ. ಒಂದೇ ಗಿಡದಿಂದಲೂ ಬೀಜ ಆಗುತ್ತದೆ. ಆದರೆ ತನ್ನ ಪರಾಗ ತನಗೇ ತಾಗಿ ಹುಟ್ಟಿದ ಸಸಿಗಳು ಸೊರಗುವುದುಂಟು. ಐದಾರು ಗಿಡ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಲು ಆಗದವರು ತೋಟದಲ್ಲಿ ಒಂದೇ ಜಾತಿ ಬೆಳೆಯಬಹುದು. ಜಪಾನಿನ ಗಿಡ್ಡ ಫ್ಲಾಬೆಲ್ಲಾಟ ಉಳಿದವಕ್ಕಿಂತ ಬೇಗ ಅರಳುವುದರಿಂದ ಅದರ ಬೀಜ ಹೆಚ್ಚಾಗಿ ತಾಯಿಯಂತೆಯೇ ಬರುತ್ತದೆ. ಅಮೆರಿಕದ ಪೂರ್ವದಲ್ಲಿ ಮನೆಯ ಹಿಂದೆಯೇ ಕಾಡಿದ್ದರೆ ಕೆನಡೆನ್ಸಿಸ್ ಒಂದನ್ನೇ ಇಟ್ಟುಕೊಳ್ಳಿ ಎನ್ನುವುದು ನಮ್ಮ ಖಚಿತ ಸಲಹೆ. ನಿಮ್ಮ ಅಂಗಳದ ನೇರಳೆ ಹೂವಿನ ಪರಾಗ ಬೇಲಿಯಾಚೆಯ ಕಾಡು ಗಿಡಕ್ಕೂ ಹೋಗುತ್ತದೆ.

ನಿಮ್ಮ ನೇರಳೆ ಹೂಗಳೂ ಚೆಂದವೇ. ಹಂಚುವಾಗ 'ನೋರಾ ಬಾರ್ಲೋ' ಎಂದು ಬರೆಯದಿದ್ದರಾಯಿತು.

ಪ್ರ: ಬೀಜ ವಿನಿಮಯಕ್ಕೆ ಹೊಸಬಳು. ಪೊಟ್ಟಣದ ಮೇಲೆ ಏನು ಬರೆಯಬೇಕು, ಅಂಚೆಯಲ್ಲಿ ಹೇಗೆ ಕಳಿಸಬೇಕು?
(ಕ್ಯಾರಿ, ನಾರ್ತ್ ಕ್ಯಾರೊಲಿನಾ)

ಉ: ಬರೆಯಬೇಕಾದ್ದು ಹೀಗೆ: 'ಅಕ್ವಿಲೀಜಿಯ ಕೆನಡೆನ್ಸಿಸ್. ಕೆಂಪು-ಹಳದಿ. 2 ಅಡಿ. ಕೊಯ್ದದ್ದು ಜುಲೈ 2024. ಚೀಲ ಕಟ್ಟಿಲ್ಲ. ಪಕ್ಕದ ಮನೆಯಲ್ಲಿ ನೇರಳೆ ವಲ್ಗಾರಿಸ್ ಇದೆ. 8 ವಾರ ಒದ್ದೆ ಚಳಿ, ಮಣ್ಣು ಮುಚ್ಚಬೇಡಿ. ವಿಷ.' ಆ ಪಕ್ಕದ ಮನೆಯ ಸಾಲು ಇದೆಯಲ್ಲ, ಬಹಳ ಮಂದಿ ಬಿಟ್ಟುಬಿಡುವುದು ಅದನ್ನೇ. ಪಡೆದವರು ಎರಡು ವರ್ಷ ಕಾಯಬೇಕಾದ ಬೀಜ ಇದು, ಗೊತ್ತಿರುವುದನ್ನು ಮುಚ್ಚಿಡಬಾರದು.

ಒಂದು ಪೊಟ್ಟಣಕ್ಕೆ 30ರಿಂದ 50 ಬೀಜ. ನಾಣ್ಯ ಹಾಕುವ ಪುಟ್ಟ ಲಕೋಟೆ ಸಾಕು, ಆದರೆ ಅದರ ಕೆಳಗಿನ ಎರಡು ಮೂಲೆಗಳಲ್ಲಿ ಅಂಟು ಇರುವುದಿಲ್ಲ. ಇಷ್ಟು ಸಣ್ಣ ಬೀಜ ಅಲ್ಲಿಂದಲೇ ಜಾರುವುದು. ಮೂಲೆಗಳಿಗೆ ಟೇಪ್ ಹಚ್ಚಿ. ಹೊರಗೆ ಗುಳ್ಳೆ ಹಾಳೆಯ ಲಕೋಟೆಯೇ ಬೇಕು. ತೆಳು ಕಾಗದದ ಲಕೋಟೆ ಅಂಚೆಯ ವಿಂಗಡಣೆ ಯಂತ್ರದ ಉರುಳೆಗಳ ನಡುವೆ ಹೋದರೆ ಬೀಜ ಜಜ್ಜಿಹೋಗುತ್ತದೆ. ಉಚಿತವಾಗಿ ಕೊಡುವವರಿಗೆ ನಿಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಮರುಲಕೋಟೆಯನ್ನು ಒಳಗೆ ಮಡಿಸಿ ಕಳಿಸುವುದು ರೂಢಿ.

ಮುಖಾಮುಖಿ ಬೇಕೆಂದರೆ, ಅಮೆರಿಕದಲ್ಲಿ ಜನವರಿಯ ಕೊನೆಯ ಶನಿವಾರ ರಾಷ್ಟ್ರೀಯ ಬೀಜ ವಿನಿಮಯ ದಿನ. ಗ್ರಂಥಾಲಯ, ಸಮುದಾಯ ಭವನಗಳಲ್ಲಿ ನಡೆಯುತ್ತದೆ. ಕೆನಡಾದಲ್ಲಿ ಇದೇ ಬಗೆಯ 'ಸೀಡಿ ಸಾಟರ್ಡೇ' 1990ರಲ್ಲಿ ವ್ಯಾಂಕೂವರಿನಲ್ಲಿ ಶುರುವಾಗಿ ಈಗ ಊರೂರಿಗೆ ಹಬ್ಬಿದೆ. ಜನವರಿಯಲ್ಲಿ ಸಿಕ್ಕ ಕೊಲಂಬೈನ್ ಬೀಜವನ್ನು ಅದೇ ವಾರ ಹಾಲಿನ ಕ್ಯಾನಿಗೆ ಹಾಕಬಹುದು, ದಿನಾಂಕವೂ ಹೊಂದಿಕೊಳ್ಳುತ್ತದೆ.

ಪ್ರ: ಹಿತ್ತಲಿನಲ್ಲಿ ದೊಡ್ಡ ಓಕ್, ಮೇಪಲ್ ಮರಗಳು. ಹುಲ್ಲು ಬರುವುದಿಲ್ಲ. ಕೊಲಂಬೈನ್ ಬಂದೀತೇ? ಪಕ್ಕದವರ ಕಪ್ಪು ವಾಲ್‌ನಟ್ ಮರವೂ ಇತ್ತ ಚಾಚಿದೆ.
(ಪಿಟ್ಸ್‌ಬರ್ಗ್, ಪೆನ್ಸಿಲ್ವೇನಿಯಾ)

ಉ: ವಾಲ್‌ನಟ್ ಬಗ್ಗೆ ಚಿಂತೆ ಬೇಡ. ಅದರ ಬೇರಿನ ವಿಷ ಟೊಮೆಟೊ ಗಿಡವನ್ನು ಕೊಲ್ಲುತ್ತದೆ, ಆದರೆ ಕೊಲಂಬೈನ್ ತಡೆದುಕೊಳ್ಳುತ್ತದೆ. ತೊಂದರೆ ಇರುವುದು ಮೇಪಲ್ ಮರದಿಂದ. ಅದರ ಬೇರು ನೆಲದ ಮೇಲ್ಪದರದಲ್ಲೇ ಚಾಪೆ ಹೆಣೆದ ಹಾಗೆ ಹಬ್ಬಿ ಜುಲೈನಲ್ಲಿ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಮೇಪಲ್ ಬುಡ ಬಿಟ್ಟು ಓಕ್ ಮರದ ಅಂಚಿಗೆ ನೆಡಿ. ಓಕ್ ಬೇರು ಆಳಕ್ಕಿಳಿಯುತ್ತದೆ, ಚಿಗುರುವುದೂ ತಡ. ಏಪ್ರಿಲ್-ಮೇಯಲ್ಲಿ ಕೊಂಬೆಗಳ ನಡುವೆ ಬರುವ ಬಿಸಿಲೇ ಈ ಗಿಡಕ್ಕೆ ಹೂ ಬಿಡಲು ಸಾಕು, ಎಲೆ ತುಂಬಿದ ಮೇಲೆ ನೆರಳೂ ಸಿಕ್ಕಿತು. ಬೆಳಗಿನ ಎಳೆಬಿಸಿಲು ಮೂರು-ನಾಲ್ಕು ತಾಸು, ಮಧ್ಯಾಹ್ನದ ನಂತರ ನೆರಳು, ಇದು ಒಳ್ಳೆಯ ಜಾಗ. ದಿನವಿಡೀ ಕತ್ತಲಾಗಿದ್ದರೆ ಎಲೆ ಬರುತ್ತದೆ, ಹೂ ನಾಲ್ಕೋ ಐದೋ.

ಮಣ್ಣು ಬಸಿಯಬೇಕು. ಕೆನಡೆನ್ಸಿಸ್ ಕಾಡಿನಲ್ಲಿ ಸುಣ್ಣಕಲ್ಲಿನ ಬಂಡೆಯ ಸಂದಿನಲ್ಲಿ ಬೆಳೆಯುವ ಗಿಡ. ಗೊಬ್ಬರ ಸುರಿದು ಕೊಬ್ಬಿಸಿದರೆ ಕಾಂಡ ಉದ್ದವಾಗಿ ಒರಗಿ, ಎರಡೇ ವರ್ಷದಲ್ಲಿ ಮುಗಿದುಹೋಗುತ್ತದೆ. ಜೇಡಿಯಾಗಿದ್ದರೆ ಒಂದು ಇಂಚು ಎಲೆಗೊಬ್ಬರ, ಒಂದು ಇಂಚು ಸಣ್ಣ ಜಲ್ಲಿ ಬೆರೆಸಿ ದಿಬ್ಬ ಮಾಡಿ. ಗಿಡದಿಂದ ಗಿಡಕ್ಕೆ ಒಂದಡಿ. ಬೇರಿನ ತಲೆ, ಅಂದರೆ ಎಲೆಗಳು ಹುಟ್ಟುವ ಗಡ್ಡೆ, ನೆಲಮಟ್ಟಕ್ಕೆ ಸರಿಯಾಗಿರಬೇಕು. ಒಂದಂಗುಲ ಹೂತರೂ ಕೊಳೆಯುತ್ತದೆ. ನವೆಂಬರ್‌ನಲ್ಲಿ ಓಕ್ ತರಗೆಲೆ ಒದ್ದೆಯಾಗಿ ಚಪ್ಪಟೆ ಕೂತಾಗ ಆ ಗಡ್ಡೆಯ ಮೇಲಿನದನ್ನು ಮಾತ್ರ ಕೈಯಿಂದ ಬಿಡಿಸಿ, ಸುತ್ತಲಿನದು ಇರಲಿ.

ತಾನೇ ಬೀಜ ಉದುರಿ ಹರಡಲಿ ಎಂದಿದ್ದರೆ ಒಂದು ಕಡೆ ಎರಡಡಿ ಜಾಗವನ್ನು ಮರದ ಚೆಕ್ಕೆಯ ಹೊದಿಕೆ ಇಲ್ಲದೆ ಬಿಡಿ. ಎಲ್ಲೆಡೆ 3 ಇಂಚು ಹೊದಿಕೆ ಹಾಕಿ, 'ಸಸಿಯೇ ಬರುತ್ತಿಲ್ಲ' ಎಂದು ಬರೆಯುವವರು ಬಹಳ. ಬೆಳಕು ತಾಗದೆ ಹೇಗೆ ಬಂದೀತು? ಜೊತೆಗೆ ಜರೀಗಿಡ, ಫೋಮ್‌ಫ್ಲವರ್, ಕಾಡು ಜೆರೇನಿಯಂ, ನೀಲಿ ವುಡ್‌ಲ್ಯಾಂಡ್ ಫ್ಲಾಕ್ಸ್ ಇರಲಿ. ಕೊಲಂಬೈನ್ ಎಲೆ ಬೇಸಗೆಯಲ್ಲಿ ಸೊರಗಿದಾಗ ಇವು ಜಾಗ ತುಂಬುತ್ತವೆ. ಜಿಂಕೆಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಕೆಂಪು ಕಂಠದ ಹಮ್ಮಿಂಗ್‌ಬರ್ಡ್ ದಕ್ಷಿಣದಿಂದ ಮರಳುವ ಹೊತ್ತಿಗೇ ಕೆನಡೆನ್ಸಿಸ್ ಅರಳುತ್ತದೆ. ನಮ್ಮ ಸೂರಕ್ಕಿಯಷ್ಟೇ ಪುಟ್ಟ ಹಕ್ಕಿ, ಹೂವಿನ ಕೆಳಗೆ ಗಾಳಿಯಲ್ಲೇ ನಿಂತು ಕೊಕ್ಕನ್ನು ಮೇಲಕ್ಕೆತ್ತಿ ಒಂದೊಂದೇ ಕೊಂಬಿಗೆ ತೂರಿಸುವುದನ್ನು ಕಿಟಕಿಯಿಂದ ಕಾಣುವ ಹಾಗೆ ಪಾತಿ ಮಾಡಿ.

ಪ್ರ: ಎಲೆಯ ಮೇಲೆ ಬಿಳಿ ಗೆರೆಗಳು ರಂಗೋಲಿ ಬರೆದ ಹಾಗೆ. ಇನ್ನೊಂದು ಗಿಡದಲ್ಲಿ ಎರಡೇ ದಿನಕ್ಕೆ ಎಲೆ ಮಾಯವಾಗಿ ನಡುನರ ಮಾತ್ರ ಉಳಿದಿದೆ. ಏನು ಸಿಂಪಡಿಸಲಿ?
(ಶ್ರೂಸ್‌ಬರಿ, ಮ್ಯಾಸಚೂಸೆಟ್ಸ್)

ಉ: ಎರಡೂ ಬೇರೆ ಬೇರೆ ಹುಳು. ಮೊದಲನೆಯದು ನಮ್ಮ ಟೊಮೆಟೊ ಬೆಳೆಗಾರರು ರಂಗೋಲಿ ಹುಳು ಎನ್ನುವುದರ ಬಳಗ. ಸಣ್ಣ ನೊಣವೊಂದು ಎಲೆಯಲ್ಲಿ ಮೊಟ್ಟೆ ಇಡುತ್ತದೆ, ಮರಿ ಎಲೆಯ ಎರಡು ಪದರದ ನಡುವೆ ಕೊರೆಯುತ್ತಾ ಹೋಗುತ್ತದೆ. ಹುಳು ಒಳಗಿರುವುದರಿಂದ ಮೇಲೆ ಸಿಂಪಡಿಸಿದ್ದು ತಾಗುವುದಿಲ್ಲ. ಗಿಡ ಇದರಿಂದ ಸಾಯುವುದೂ ಇಲ್ಲ. ಗೆರೆ ಕಂಡ ಎಲೆ ಕಿತ್ತು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಹೂ ಮುಗಿದ ಮೇಲೆ ಬೀಜಕ್ಕೆ ಬೇಕಾದ ಎರಡು ಕಾಂಡ ಉಳಿಸಿ, ಉಳಿದ ಎಲೆಯನ್ನೆಲ್ಲ ಬುಡದಿಂದ ಎರಡಿಂಚು ಮೇಲೆ ಕತ್ತರಿಸಿಬಿಡಿ. ಮೂರ್ನಾಲ್ಕು ವಾರಕ್ಕೆ ಹೊಸ ಚಿಗುರು ಬರುತ್ತದೆ.

ಎರಡನೆಯದು ಸಾಫ್ಲೈ ಎಂಬ ಕಣಜದ ಬಳಗದ ಕೀಟದ ಮರಿ. ಹಸಿರು ಬಣ್ಣ, ಎಲೆಯ ಅಂಚಿಗೆ ಒತ್ತಿಕೊಂಡು ಮಲಗಿರುವುದರಿಂದ ಕಣ್ಣಿಗೇ ಬೀಳುವುದಿಲ್ಲ. ಏಪ್ರಿಲ್ ಕೊನೆಯಿಂದ ದಿನ ಬಿಟ್ಟು ದಿನ ಎಲೆಯ ಅಡಿ ನೋಡಿ. ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕುವುದೇ ಮೇಲು. ಕಂಬಳಿಹುಳುವೆಂದು ತಿಳಿದು ಬಿಟಿ ಪುಡಿ (ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಔಷಧಿ) ಸಿಂಪಡಿಸಿ ಹಣ ಕಳೆದುಕೊಳ್ಳಬೇಡಿ. ಅದು ಚಿಟ್ಟೆ-ಪತಂಗಗಳ ಮರಿಯನ್ನಷ್ಟೇ ಕೊಲ್ಲುತ್ತದೆ, ಸಾಫ್ಲೈ ಮರಿಗೆ ಏನೂ ಆಗುವುದಿಲ್ಲ. ಬದಲಿಗೆ ಕೆನಡೆನ್ಸಿಸ್ ಎಲೆ ತಿಂದೇ ಬದುಕುವ ಕೊಲಂಬೈನ್ ಡಸ್ಕಿವಿಂಗ್ ಎಂಬ ಕಂದು ಚಿಟ್ಟೆಯ ಮರಿಗಳು ಸತ್ತುಹೋಗುತ್ತವೆ. ಎಲೆ ಪೂರ್ತಿ ಹೋದರೂ ಬೇರು ಗಟ್ಟಿಯಿದ್ದರೆ ಗಿಡ ಮತ್ತೆ ಚಿಗುರುತ್ತದೆ.

ಪ್ರ: ಎಲೆ ಹಳದಿ ತೇಪೆಯಾಗಿ, ಅಂಚು ಕೆಳಕ್ಕೆ ಸುರುಳಿ ಸುತ್ತಿ, ಅಡಿಯಲ್ಲಿ ಬಿಳಿ ನವಿರು. ಹೂದಂಟಿನ ಮೇಲೆ ನೇರಳೆ ಕಲೆ, ಮೊಗ್ಗು ಉದುರುತ್ತಿವೆ.
(ರೆಡಿಂಗ್, ಇಂಗ್ಲೆಂಡ್)

ಉ: ನೀವು ಬರೆದ ಲಕ್ಷಣಗಳೆಲ್ಲ ಅಕ್ವಿಲೀಜಿಯದ ಬೂಜು ತುಪ್ಪಟ ರೋಗಕ್ಕೆ (ಡೌನಿ ಮಿಲ್ಡ್ಯೂ) ಹೊಂದುತ್ತವೆ. ಬ್ರಿಟನ್ನಿನಲ್ಲಿ ಇದು ಮೊದಲು ಕಂಡದ್ದು 2013ರಲ್ಲಿ. ನಂತರ ವೇಲ್ಸ್‌ನ ಸ್ವಾನ್ಸಿಯಲ್ಲಿದ್ದ ಅಕ್ವಿಲೀಜಿಯ ರಾಷ್ಟ್ರೀಯ ಸಂಗ್ರಹವನ್ನೇ ಈ ರೋಗ ಹಾಳುಮಾಡಿತು. ಎಲೆಯ ಮೇಲೆ ಬಿಳಿ ಹುಡಿ ಬರುವ ಬೂದಿ ರೋಗವಲ್ಲ ಇದು. ಬೂದಿ ರೋಗದಿಂದ ಗಿಡ ಚೇತರಿಸಿಕೊಳ್ಳುತ್ತದೆ, ಇದರಿಂದ ಸಾಯುತ್ತದೆ. ಮನೆತೋಟದ ಔಷಧಿಯಿಂದ ಗುಣವಾಗುವುದಿಲ್ಲ. ಮನಸ್ಸು ಗಟ್ಟಿ ಮಾಡಿ ಒದ್ದೆಯಿಲ್ಲದ ದಿನ ಗಿಡವನ್ನು ಬೇರು ಸಮೇತ ಕಿತ್ತು ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಿ. ಉದುರಿದ ಎಲೆಯನ್ನೂ ಆರಿಸಿ. ರೋಗದ ಕಣಗಳು ಮಣ್ಣಿನಲ್ಲಿ ಉಳಿಯುವುದರಿಂದ ಆ ಜಾಗದಲ್ಲಿ ಮತ್ತೆ ಕೊಲಂಬೈನ್ ಬೇಡ. ಕತ್ತರಿ, ಬೂಟು ತೊಳೆಯಿರಿ. ಈ ತೋಟದಿಂದ ಯಾರಿಗೂ ಗಿಡ ಕೊಡಬೇಡಿ, ಈ ವರ್ಷ ಬೀಜವನ್ನೂ ಹಂಚಬೇಡಿ. ಮುಂದೆ ಬೇರೆ ಮೂಲೆಯಲ್ಲಿ ಶುರು ಮಾಡುವಾಗ ಕುಂಡದ ಗಿಡ ತರದೆ ಬೀಜದಿಂದಲೇ ಬೆಳೆಸಿ.

ಪ್ರ: ಗುಡ್ಡದ ನಡಿಗೆಯಲ್ಲಿ ನೀಲಿ-ಬಿಳಿ ಕೊಲಂಬೈನ್ ರಾಶಿ ನೋಡಿದೆವು. ಒಂದು ಗಿಡ ಕಿತ್ತು ತರಬಹುದೇ?
(ಡೆನ್ವರ್, ಕೊಲೊರಾಡೊ)

ಉ: ಕೂಡದು. ಅದು ಅಕ್ವಿಲೀಜಿಯ ಸೆರೂಲಿಯ, 1899ರಿಂದ ಕೊಲೊರಾಡೊದ ರಾಜ್ಯಪುಷ್ಪ. 1925ರ ಕಾನೂನಿನ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಇದನ್ನು ಬೇರುಸಹಿತ ಕೀಳುವುದು ಅಪರಾಧ. ಹೂವು, ಮೊಗ್ಗು, ದಂಟು ಕೂಡ ಒಬ್ಬರು ದಿನಕ್ಕೆ 25ಕ್ಕಿಂತ ಹೆಚ್ಚು ಕೊಯ್ಯುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದನ್ನೂ ಮುಟ್ಟುವಂತಿಲ್ಲ. ಕಿತ್ತು ತಂದರೂ ಉಳಿಯುವುದಿಲ್ಲ, ತಾಯಿಬೇರು ಮುರಿದಿರುತ್ತದೆ. ಬೀಜ ವಿನಿಮಯದಲ್ಲಿ ಕೇಳಿ, ನಿಮ್ಮ ಊರಿನಲ್ಲಿ ಧಾರಾಳವಾಗಿ ಸಿಗುತ್ತದೆ.

ಪ್ರ: ಐದು ವರ್ಷದ ಗಿಡವನ್ನು ಬೇರೆ ಕಡೆ ನೆಡಬೇಕು. ಬುಡ ಸೀಳಿ ಎರಡು ಮಾಡಬಹುದೇ?
(ನೇಪರ್‌ವಿಲ್, ಇಲಿನಾಯ್)

ಉ: ಬೇಡ. ಕ್ಯಾರೆಟ್ಟಿನಂಥ ತಾಯಿಬೇರು, ಸೀಳಿದರೆ ಎರಡೂ ಹೋಗುತ್ತವೆ. ಹೆಚ್ಚಿನ ಕೊಲಂಬೈನ್ ಬದುಕುವುದೇ ಮೂರರಿಂದ ಐದು ವರ್ಷ. ಹಳೆಯದನ್ನು ಅಲ್ಲೇ ಬಿಟ್ಟು, ಅದರ ಸುತ್ತ ಹುಟ್ಟಿದ ನಾಲ್ಕೈದು ಎಲೆಯ ಸಸಿಗಳನ್ನು ಮೋಡದ ದಿನ ಮಣ್ಣಿನ ಹೆಂಟೆ ಸಮೇತ ಎತ್ತಿ ಸಾಗಿಸಿ.

ಪ್ರ: ಮಗಳ ಮನೆ ಅಮೆರಿಕದಲ್ಲಿ. ಬರುವಾಗ ಕೊಲಂಬೈನ್ ಬೀಜ ತರುತ್ತೇನೆ ಎನ್ನುತ್ತಾಳೆ. ಬೆಂಗಳೂರಿನಲ್ಲಿ ಬಂದೀತೇ? ಮನೆಯ ಪಕ್ಕ ಮಾವಿನ ಮರದ ನೆರಳಿದೆ.
(ಬಸವನಗುಡಿ, ಬೆಂಗಳೂರು)

ಉ: ಮಗಳಿಗೆ ತರಬೇಡವೆಂದು ಹೇಳಿ. 2003ರ ಸಸ್ಯ ಸಂಗರೋಧ ಆದೇಶದಂತೆ ಹೊರದೇಶದ ಬೀಜಕ್ಕೆ ಆಮದು ಪರವಾನಗಿ ಮತ್ತು ಅಲ್ಲಿನ ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸೂಟ್‌ಕೇಸಿನಲ್ಲಿ ಹಾಗೇ ತರುವಂತಿಲ್ಲ. ಇಲ್ಲಿಂದ ಅಲ್ಲಿಗೆ ಬೀಜ ಒಯ್ಯಲೂ ಅಲ್ಲಿನ ನಿಯಮಗಳಿವೆ. ರೋಗವೊಂದು ದೇಶ ದಾಟಿದರೆ ಏನಾಗುತ್ತದೆಂದು ಮೇಲಿನ ರೆಡಿಂಗ್ ಓದುಗರ ಪತ್ರವೇ ಹೇಳುತ್ತದೆ.

ಬಂದರೂ ಬೆಂಗಳೂರಿನಲ್ಲಿ ಹೂವಾಗುವುದು ಕಷ್ಟ. ಬೀಜವನ್ನು ಫ್ರಿಜ್‌ನಲ್ಲಿಟ್ಟು ಮೊಳೆಸಬಹುದು, ಆದರೆ ಬೆಳೆದ ಗಿಡಕ್ಕೂ ಹೂ ಕಟ್ಟಲು ಮತ್ತೊಮ್ಮೆ ವಾರಗಟ್ಟಲೆ ನಿಜವಾದ ಚಳಿ ಬೇಕು. ನಿಮ್ಮ ಡಿಸೆಂಬರ್ ಅಷ್ಟು ಸಾಲದು, ಏಪ್ರಿಲ್ ಸೆಕೆಯಲ್ಲಿ ಬೇರು ಕೊಳೆಯುತ್ತದೆ. ಭಾರತದಲ್ಲೇ ಕಾಡು ಕೊಲಂಬೈನ್ ಇದೆ, ಆದರೆ ಹಿಮಾಲಯದ ಎತ್ತರದಲ್ಲಿ.

ನಿಮ್ಮ ಮಾವಿನ ನೆರಳಿನ ಅಂಚಿಗೆ ಕರ್ಣಕುಂಡಲ ಹಾಕಿ. ಅದರ ಹೂವಿನ ಹಿಂದೆಯೂ ಮಕರಂದ ತುಂಬಿದ ಬಾಗಿದ ಕೊಂಬಿದೆ, ಒಂದೇ ಒಂದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಾಲಿಂಚು ಆಳಕ್ಕೆ ಬಿತ್ತಿ, ಮುಕ್ಕಾಲು ಅಡಿಗೊಂದರಂತೆ ಉಳಿಸಿದರೆ ಎರಡು ತಿಂಗಳಲ್ಲಿ, ಗೌರಿ ಹಬ್ಬದ ಹೊತ್ತಿಗೆ, ಹೂ. ಕಾಯಿ ಉಬ್ಬಿ ಹಸಿರು ತಿಳಿಯಾದಾಗ ಮುಟ್ಟಿದರೆ ಸಿಡಿದು ಬೀಜ ಚೆಲ್ಲಾಪಿಲ್ಲಿ. ಅದಕ್ಕೆ ಕಾಯಿ ಕೀಳುವ ಮೊದಲು ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ಎರಡು ದಿನ ಕಾಗದದ ಮೇಲೆ ಆರಿಸಿ, ಪೊಟ್ಟಣ ಕಟ್ಟಿ, ಬಣ್ಣ ಮತ್ತು ತಿಂಗಳು ಬರೆದು ನೆರೆಮನೆಯವರಿಗೆ ಕೊಡಿ.